ನಿರಪರಾಧಿಗೆ ವಕೀಲರೇಕೆ?

“ತಪ್ಪು ಮಾಡದವನಿಗೆ ವಕೀಲರೇಕೆ?” ಮಗನನ್ನು ಪೊಲೀಸರು ಕರೆದೊಯ್ದ ಮನೆಗಳಲ್ಲಿ ಈ ಮಾತು ಕೇಳಿಬರುತ್ತದೆ. ಹಿರಿಯರು ಹೇಳುತ್ತಾರೆ, ನೆರೆಯವರು ತಲೆದೂಗುತ್ತಾರೆ. ಬಳಿಕ ಯಾರೋ ಪ್ರಭಾವಿಯನ್ನು ಹುಡುಕಿ, ಸಾಲ ತಂದ ಹಣವನ್ನು ಅವರ ಕೈಗಿತ್ತು ಕಾಯುತ್ತಾರೆ. ಪ್ರಿಯ ಓದುಗರೇ, ಇದು ಅಪಾಯಕರವಾದ ಮುಗ್ಧತೆ. ಬೇರೆ ಜಿಲ್ಲೆಯವರು ಹೀಗೆ ಮಾತನಾಡಿದರೆ ಕ್ಷಮಿಸಬಹುದು. ಚಾಮರಾಜನಗರ ಜಿಲ್ಲೆಯವರಾದ ನಾವು ಮಾತನಾಡುವಂತಿಲ್ಲ.

1993ರ ಏಪ್ರಿಲ್ 9ರಂದು ಮಲೆ ಮಹದೇಶ್ವರ ಬೆಟ್ಟದ ಆಚೆ, ಪಾಲಾರ್ ಬಳಿ ವೀರಪ್ಪನ್ ತಂಡದ ನೆಲಬಾಂಬಿಗೆ 22 ಮಂದಿ ಬಲಿಯಾದರು. ಆ ಕ್ರೌರ್ಯಕ್ಕೆ ಶಿಕ್ಷೆ ಆಗಲೇಬೇಕಿತ್ತು. ಆದರೆ ವೀರಪ್ಪನ್ ಪ್ರಕರಣಗಳಲ್ಲಿ ಕಾಡಂಚಿನ ಹಳ್ಳಿಗಳ ನೂರಕ್ಕೂ ಹೆಚ್ಚು ಮಂದಿ, ಹೆಂಗಸರೂ ಸೇರಿದಂತೆ, ಟಾಡಾ ಕಾಯಿದೆಯಡಿ ಮೈಸೂರಿನ ಸೆರೆಮನೆ ಸೇರಿದರು. ಆ ಕಾಯಿದೆ ಮಾಡಿದ್ದೇನು? ಪೊಲೀಸ್ ಸೂಪರಿಂಟೆಂಡೆಂಟರ ಮುಂದೆ ನೀಡಿದ ತಪ್ಪೊಪ್ಪಿಗೆಯನ್ನೂ ಸಾಕ್ಷ್ಯವೆಂದು ಒಪ್ಪಿತು; ಜಾಮೀನನ್ನು ಅತಿ ಕಠಿಣಗೊಳಿಸಿತು. 1995ರಲ್ಲಿ ಕಾಯಿದೆಯ ಅವಧಿಯೇ ಮುಗಿಯಿತು, ಅದರ ಕೈದಿಗಳ ಅವಧಿ ಮುಗಿಯಲಿಲ್ಲ. 2001ರಲ್ಲಿ ಮೈಸೂರಿನ ವಿಶೇಷ ನ್ಯಾಯಾಲಯವು ಬಹುಪಾಲು ಮಂದಿಯನ್ನು ದೋಷಮುಕ್ತಗೊಳಿಸುವ ಹೊತ್ತಿಗೆ ಹಲವರ ಬದುಕಿನ ಸುಮಾರು ಎಂಟು ವರ್ಷಗಳು ಕಂಬಿಯ ಹಿಂದೆ ಕಳೆದಿದ್ದವು. ನ್ಯಾಯಮೂರ್ತಿ ಸದಾಶಿವ ಸಮಿತಿಯ ವಿಚಾರಣೆಯ ಬಳಿಕ, 2007ರಲ್ಲಿ, ಕಾರ್ಯಪಡೆಯ ದೌರ್ಜನ್ಯಕ್ಕೆ ಗುರಿಯಾದ ಎರಡೂ ರಾಜ್ಯಗಳ 89 ಮಂದಿಗೆ 2.80 ಕೋಟಿ ರೂಪಾಯಿ ಪರಿಹಾರವನ್ನು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸೂಚಿಸಿತು. ತಂದೆಯಿಲ್ಲದೆ ಬೆಳೆದ ಮಕ್ಕಳ ಬಾಲ್ಯಕ್ಕೆ ಎಷ್ಟು ರೂಪಾಯಿ ಕಟ್ಟೋಣ?

ಟಾಡಾ ಕಿತ್ತುಕೊಂಡಿದ್ದ ರಕ್ಷಣೆಗಳು ಸಾಮಾನ್ಯ ಕಾನೂನಿನಲ್ಲಿ ನಮಗೆ ಇಂದಿಗೂ ಇವೆ. ನಾವೇ ಅವನ್ನು ಬಿಟ್ಟುಕೊಡುತ್ತಿದ್ದೇವೆ ಎಂಬುದೇ ನನ್ನ ಆಕ್ಷೇಪ. ಬಂಧನದ ಕಾರಣ ತಿಳಿಯುವುದು, ತನಗೆ ಬೇಕಾದ ವಕೀಲರನ್ನು ಕಾಣುವುದು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರಾಗುವುದು: ಇವು ಸಂವಿಧಾನದ 22ನೆಯ ವಿಧಿಯ ಮಾತು, ಠಾಣೆಯವರ ಔದಾರ್ಯವಲ್ಲ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಆರೋಪಿಯನ್ನು ಒತ್ತಾಯಿಸುವಂತಿಲ್ಲ. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಸಾಕ್ಷ್ಯವಾಗದು. ಅದರಿಂದ ಯಾವುದಾದರೂ ವಸ್ತು ಪತ್ತೆಯಾದರೆ ಅಷ್ಟು ಭಾಗ ಮಾತ್ರ ಲೆಕ್ಕಕ್ಕೆ ಬರುತ್ತದೆ. ಅಪರಾಧದ ಗುರುತ್ವಕ್ಕೆ ತಕ್ಕಂತೆ 60 ಅಥವಾ 90 ದಿನಗಳಲ್ಲಿ ಆರೋಪಪಟ್ಟಿ ಬಾರದಿದ್ದರೆ ಜಾಮೀನು ಹಕ್ಕಾಗುತ್ತದೆ. ಆದರೆ ಪಟ್ಟಿ ಬರುವ ಮೊದಲೇ ಅರ್ಜಿ ಹಾಕಬೇಕು. ಈ ದಿನಗಳನ್ನು ಎಣಿಸುವವರು ಯಾರು? ಆ ಪ್ರಭಾವಿಯೇ?

ಗುಂಡ್ಲುಪೇಟೆಯ ಕಡೆಯವರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಬಂಡೀಪುರದ ಅಂಚಿನಲ್ಲಿ ಮನೆ ಬಾಗಿಲಿಗೆ ಬರುವವರು ಪೊಲೀಸರಲ್ಲ, ಅರಣ್ಯ ಇಲಾಖೆಯವರಾಗಿರಬಹುದು. ಅರಣ್ಯಾಧಿಕಾರಿ ಪೊಲೀಸ್ ಅಧಿಕಾರಿಯಲ್ಲ ಎಂಬ ಕಾರಣಕ್ಕೆ ಅವರ ಮುಂದಿನ ತಪ್ಪೊಪ್ಪಿಗೆಯನ್ನು ನ್ಯಾಯಾಲಯಗಳು ಸಾಕ್ಷ್ಯವಾಗಿ ಪರಿಗಣಿಸಿದ್ದುಂಟು. ಓದದೆ ಹಾಕಿದ ಒಂದು ಸಹಿ ಅಲ್ಲಿ ಇನ್ನಷ್ಟು ದುಬಾರಿಯಾದೀತು.

“ಹೀಗಾದರೆ ಅಪರಾಧಿಗಳೂ ತಪ್ಪಿಸಿಕೊಳ್ಳುವರಲ್ಲ?” ಎನ್ನುವಿರಿ. ಕೆಲವರು ತಪ್ಪಿಸಿಕೊಳ್ಳಬಹುದು, ನಿಜ. ಆದರೆ ಆರೋಪಿಯೆಲ್ಲ ಅಪರಾಧಿಯಲ್ಲವೆಂಬುದನ್ನು ಎಂಟು ವರ್ಷ ಕಳೆದ ಮೇಲೆ ಕಂಡುಕೊಂಡ ಜಿಲ್ಲೆ ನಮ್ಮದು. ಚಾವಟಿಯ ಏಟಿಗೆ ಮೊದಲು ತಾನು ರೋಮಿನ ಪ್ರಜೆಯೆಂದು ನೆನಪಿಸಿದ ಸಂತ ಪೌಲರನ್ನು ನಾವು ಅಹಂಕಾರಿಯೆಂದು ಕರೆಯುತ್ತೇವೆಯೇ? ನಮ್ಮವರೊಬ್ಬರ ಮೇಲೆ ಮೊಕದ್ದಮೆಯಾದೊಡನೆ ಅವರನ್ನು ಗಾನವೃಂದದಿಂದ ಬಿಡಿಸಿ, ಆ ಮನೆಯ ಹೊಸ್ತಿಲು ತುಳಿಯದಿರುವ ನಾವು, ತೀರ್ಪು ನೀಡಲು ನ್ಯಾಯಾಧೀಶರಿಗಿಂತ ಆತುರರಾಗಿದ್ದೇವೆ.

ಹಣವಿಲ್ಲವೆಂಬ ನೆಪವೂ ನಿಲ್ಲದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಬಂಧನದಲ್ಲಿರುವ ಯಾರಿಗೇ ಆಗಲಿ, ಆದಾಯ ಎಷ್ಟೇ ಇದ್ದರೂ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ ಉಚಿತ ವಕೀಲರು ದೊರೆಯುತ್ತಾರೆ. ಚಾಮರಾಜನಗರದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು, ಗುಂಡ್ಲುಪೇಟೆಯಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಿರಿ. ರಾತ್ರಿ ದಿಕ್ಕು ತೋಚದಿದ್ದರೆ 15100ಕ್ಕೆ ಕರೆ ಮಾಡಿರಿ. ಪ್ರಭಾವಿಯ ಮನೆಗೆ ಹೊರಡುವ ಮೊದಲು.