ನೀಲಿ ಎಲ್‌ಇಡಿ ಕೆಳಗೆ ಮಿನುಗುವ ಹವಳ: ಆ ಬಣ್ಣ ಹವಳದ್ದೇ, ಲೈಟಿನದೇ, ಮೊಬೈಲಿನದೇ?

ಕತ್ತಲೆ ಕೋಣೆ, ಅದರಲ್ಲೊಂದು ಗಾಜಿನ ಟ್ಯಾಂಕ್, ಒಳಗೆ ಹಸಿರು, ಕಿತ್ತಳೆ, ಗುಲಾಬಿ ಬಣ್ಣದಲ್ಲಿ ಕೆಂಡದ ಹಾಗೆ ಹೊಳೆಯುವ ಹವಳಗಳು. ಇಂಥ ವಿಡಿಯೋ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಜೊತೆಗೆ ಬರುವ ಮಾತು ಹೆಚ್ಚುಕಡಿಮೆ ಒಂದೇ: ಒಳ್ಳೆಯ ಎಲ್‌ಇಡಿ ಲೈಟ್ ಹಾಕಿದರೆ ಸಾಕು, ಕಡಲಿನ ಹವಳ ನಿಮ್ಮ ಮನೆಯ ಹಾಲ್‌ನಲ್ಲೇ ಬಣ್ಣಬಣ್ಣವಾಗಿ ಬೆಳೆಯುತ್ತದೆ.

ನೀವು ಬೆಂಗಳೂರಿನ ವಸಂತಪುರದಲ್ಲಿ ಇದ್ದೀರಿ ಎಂದುಕೊಳ್ಳಿ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ. ಪೂರ್ವಕ್ಕೆ ಹೊರಟರೂ ಪಶ್ಚಿಮಕ್ಕೆ ಹೊರಟರೂ ಕಡಲು ಸಿಗಲು ಸುಮಾರು 300 ಕಿ.ಮೀ. ಹೋಗಬೇಕು. ಇಲ್ಲಿ ಹವಳ ಬೆಳೆಯುತ್ತದೆಯೇ?

ಬೆಳೆಯುತ್ತದೆ. ಆ ಮಟ್ಟಿಗೆ ಫಾರ್ವರ್ಡ್ ಸುಳ್ಳಲ್ಲ. ಆದರೆ ವಿಡಿಯೋದಲ್ಲಿ ಕಾಣುವ ಹೊಳಪು ಹವಳ ಚೆನ್ನಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಇನ್ನೂ ಎರಡು ವಿಷಯಗಳನ್ನು ಆ ಫಾರ್ವರ್ಡ್‌ಗಳು ಹೇಳುವುದೇ ಇಲ್ಲ. ಅಲ್ಲಿ ಕಾಣುವ ಎಷ್ಟೋ ಹವಳಗಳನ್ನು ಭಾರತದಲ್ಲಿ ಮನೆಯಲ್ಲಿ ಇಟ್ಟುಕೊಂಡರೆ ಜೈಲು ಶಿಕ್ಷೆಯಾಗಬಹುದು. ಆ ಪಟ್ಟಿಯಲ್ಲಿಲ್ಲದೆ ಉಳಿದವುಗಳಲ್ಲಿ ಕೆಲವು ಕಡುವಿಷದವು.

ಬಣ್ಣ ಬರುವುದು ಎಲ್ಲಿಂದ?

ಹವಳ ಎಂದ ಕೂಡಲೇ ನಮಗೆ ನೆನಪಾಗುವುದು ಉಂಗುರದ ಕೆಂಪು ಕಲ್ಲು, ಕರಿಮಣಿ ಸರದಲ್ಲಿ ಪೋಣಿಸಿದ ಮಣಿ. ಅದು ಒಂದು ಜಾತಿಯ ಹವಳ ಬಿಟ್ಟುಹೋದ ಅಸ್ಥಿಪಂಜರ. ಬದುಕಿರುವ ಹವಳ ಕಲ್ಲೂ ಅಲ್ಲ, ಗಿಡವೂ ಅಲ್ಲ, ಅದು ಪ್ರಾಣಿ. ಪಾಲಿಪ್ ಎಂಬ ಪುಟ್ಟ ಪ್ರಾಣಿಗಳು, ಒಂದೊಂದಕ್ಕೂ ಒಂದು ಬಾಯಿ, ಸುತ್ತ ಎಳೆಎಳೆಯಾದ ಕೈಗಳು. ಇಂಥ ಸಾವಿರಾರು ಒಟ್ಟುಗೂಡಿ ಬದುಕುತ್ತವೆ. ಗಟ್ಟಿ ಹವಳಗಳು ನೀರಿನ ಕ್ಯಾಲ್ಸಿಯಂ ಬಳಸಿ ತಮ್ಮ ಕೆಳಗೆ ಸುಣ್ಣದ ಮನೆ ಕಟ್ಟಿಕೊಳ್ಳುತ್ತವೆ.

ಪಾಲಿಪ್‌ನ ಮೈ ಬಹುಮಟ್ಟಿಗೆ ಪಾರದರ್ಶಕ. ಕೆಳಗಿನ ಸುಣ್ಣ ಬಿಳಿ. ಹಾಗಿದ್ದರೆ ಬಣ್ಣ? ಮೊದಲನೆಯದು ಅದರ ಮೈಯೊಳಗೆ ಬಾಡಿಗೆಗೆ ಇರುವ ಸೂಕ್ಷ್ಮ ಪಾಚಿಯದು. ಈ ಪಾಚಿ ಬೆಳಕಿನಿಂದ ಆಹಾರ ತಯಾರಿಸಿ ಹವಳಕ್ಕೂ ಕೊಡುತ್ತದೆ. ಕೆಲವು ಹವಳಗಳಿಗೆ ಬೇಕಾದ ಶಕ್ತಿಯಲ್ಲಿ ಶೇ 90ರವರೆಗೂ ಹೀಗೇ ಸಿಗುತ್ತದೆ. ಬಾಡಿಗೆ ಎಂದರೆ ಅದೇ. ಆದರೆ ಈ ಪಾಚಿಯ ಬಣ್ಣ ಕಂದು, ಅಂದರೆ ಕಾಫಿ ಡಿಕಾಕ್ಷನ್‌ಗೆ ಸ್ವಲ್ಪ ನೀರು ಬೆರೆಸಿದಂತೆ. ನೋಡಲು ಏನೂ ಚೆಂದವಿಲ್ಲ, ಆದರೆ ಹವಳದ ಜೀವ ನಿಂತಿರುವುದು ಅದರ ಮೇಲೆ.

ವಿಡಿಯೋದಲ್ಲಿ ಮಿನುಗುವ ಹಸಿರು, ಕಿತ್ತಳೆ ಬೇರೆ. ಹವಳ ತಾನೇ ತಯಾರಿಸುವ ಕೆಲವು ಪ್ರೋಟೀನ್‌ಗಳು ನೀಲಿ ಬೆಳಕನ್ನು ನುಂಗಿ ಹಸಿರು ಅಥವಾ ಕೆಂಪು ಬೆಳಕಾಗಿ ಹೊರಗೆ ಬಿಡುತ್ತವೆ. ಡಿಜೆ ಲೈಟ್ ಕೆಳಗೆ ಬಿಳಿ ಶರ್ಟ್ ಇದ್ದಕ್ಕಿದ್ದಂತೆ ಹೊಳೆಯುವುದನ್ನು ನೋಡಿದ್ದೀರಲ್ಲ? ಅಲ್ಲಿ ಡಿಟರ್ಜೆಂಟ್ ಪುಡಿಯಲ್ಲಿರುವ ರಾಸಾಯನಿಕ ಮಾಡುವ ಕೆಲಸವನ್ನೇ ಇಲ್ಲಿ ಪ್ರೋಟೀನ್ ಮಾಡುತ್ತದೆ. ಇಂಥ ಹಸಿರು ಪ್ರೋಟೀನನ್ನು 1962ರಲ್ಲಿ ಒಸಾಮು ಶಿಮೊಮುರಾ ಅವರು ಜೆಲ್ಲಿಮೀನಿನಲ್ಲಿ ಗುರುತಿಸಿದ್ದರು. ಜೀವಕೋಶದೊಳಗಿನ ಚಟುವಟಿಕೆ ನೋಡಲು ಅದು ಎಷ್ಟು ಉಪಯೋಗಕ್ಕೆ ಬಂತೆಂದರೆ, 2008ರಲ್ಲಿ ಅವರಿಗೂ ಇನ್ನಿಬ್ಬರಿಗೂ ರಸಾಯನಶಾಸ್ತ್ರದ ನೊಬೆಲ್ ಸಿಕ್ಕಿತು. 1999ರಲ್ಲಿ ರಷ್ಯಾದ ವಿಜ್ಞಾನಿಗಳು ಕೆಂಪು ಹೊಳೆಯುವ ಪ್ರೋಟೀನ್ ಕಂಡುಕೊಂಡದ್ದು ಡಿಸ್ಕೊಸೋಮಾ ಎಂಬ ಜೀವಿಯಲ್ಲಿ. ಅಕ್ವೇರಿಯಂ ಹವ್ಯಾಸಿಗಳು 'ಮಶ್ರೂಮ್ ಕೋರಲ್' ಎಂದು ಸಾಕುವುದು ಇದೇ ಬಗೆಯದನ್ನು.

ಎಲ್‌ಇಡಿ ಮಾಡುವುದೇನು, ಮಾಡದಿರುವುದೇನು?

ಸಮುದ್ರದಲ್ಲಿ ಕೆಳಗೆ ಇಳಿದಂತೆ ಸೂರ್ಯನ ಬೆಳಕಿನ ಕೆಂಪು ಭಾಗವನ್ನು ನೀರು ಮೊದಲ ಕೆಲವು ಮೀಟರ್‌ಗಳಲ್ಲೇ ಹೀರಿಬಿಡುತ್ತದೆ. ಆಳಕ್ಕೆ ಮುಟ್ಟುವುದು ಹೆಚ್ಚಾಗಿ ನೀಲಿ. ಪಾಚಿಗೂ ನೀಲಿ ಚೆನ್ನಾಗಿ ಒಗ್ಗುತ್ತದೆ. ಅದಕ್ಕೇ ಹವಳದ ಲೈಟುಗಳಲ್ಲಿ ನೀಲಿ ಎಲ್‌ಇಡಿಗಳೇ ಜಾಸ್ತಿ. ಇದರಲ್ಲಿ ಮೋಸವೇನಿಲ್ಲ.

ಎಡವುವುದು ಮುಂದೆ. ನೀಲಿ ಬೆಳಕು ಹವಳಕ್ಕೆ ಹೊಸ ಬಣ್ಣ ಕೊಟ್ಟುಬಿಡುವುದಿಲ್ಲ, ಇರುವ ಪ್ರೋಟೀನನ್ನು ಹೊಳೆಯಿಸುತ್ತದೆ. ಅದೇ ಹವಳವನ್ನು ಬಿಳಿ ಟ್ಯೂಬ್‌ಲೈಟ್ ಕೆಳಗೆ ನೋಡಿದರೆ ಬಹಳ ಸಲ ಮಂಕು ಹಸಿರು ಅಥವಾ ಕಂದು. ಇದರ ಮೇಲೆ ಮೊಬೈಲಿನ ಕೈಚಳಕ ಬೇರೆ. ಕ್ಯಾಮೆರಾ ಮುಂದೆ ಕಿತ್ತಳೆ ಬಣ್ಣದ ಫಿಲ್ಟರ್ ಹಿಡಿದರೆ ನೀಲಿ ಬೆಳಕು ತಡೆದುಹೋಗಿ ಹವಳದ ಹೊಳಪು ಮಾತ್ರ ಉಳಿಯುತ್ತದೆ. ಹವ್ಯಾಸಿಗಳು ಇದನ್ನು ಬಚ್ಚಿಡುವುದೇನಿಲ್ಲ, ಆದರೆ ಫಾರ್ವರ್ಡ್ ಆಗುವಾಗ ಆ ವಿವರ ಬಿದ್ದುಹೋಗುತ್ತದೆ. ಯಾರಾದರೂ ನಿಮಗೆ ಇಂಥ ವಿಡಿಯೋ ತೋರಿಸಿ ಮಾರಲು ಬಂದರೆ, ಬಿಳಿ ಬೆಳಕಿನಲ್ಲಿ ಒಂದು ಫೋಟೋ ಕಳಿಸಿ ಎನ್ನಿ. ಅರ್ಧ ಬಣ್ಣ ಅಲ್ಲೇ ಇಳಿಯುತ್ತದೆ.

ಲೈಟಿನ ಡಬ್ಬದ ಮೇಲಿನ ಲ್ಯೂಮೆನ್ ಸಂಖ್ಯೆಯೂ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಲ್ಯೂಮೆನ್ ಎಂದರೆ ಮನುಷ್ಯನ ಕಣ್ಣಿಗೆ ಎಷ್ಟು ಪ್ರಕಾಶ ಎಂಬ ಲೆಕ್ಕ, ನಮ್ಮ ಕಣ್ಣಿಗೆ ನೀಲಿ ಮಂದವಾಗಿಯೇ ಕಾಣುವುದು. ಪಾಚಿ ಬಳಸಿಕೊಳ್ಳಬಲ್ಲ ಬೆಳಕನ್ನು ಅಳೆಯುವುದಕ್ಕೆ ಪಾರ್ ಎಂಬ ಬೇರೆ ಅಳತೆ ಇದೆ. ಮಟಮಟ ಮಧ್ಯಾಹ್ನದ ಬಿಸಿಲು ಪಾರ್ ಮೀಟರ್‌ನಲ್ಲಿ ಸುಮಾರು 2000 ತೋರಿಸುತ್ತದೆ. ಮೆತ್ತನೆ ಹವಳಗಳಿಗೆ ಹವ್ಯಾಸಿಗಳು ಸಾಮಾನ್ಯವಾಗಿ ಇಡುವುದು 50ರಿಂದ 150. ಕಣ್ಣಿಗೆ ಮಂಕಾಗಿ ಕಂಡ ನೀಲಿ ಲೈಟ್ ಇದಕ್ಕಿಂತ ಎಷ್ಟೋ ಹೆಚ್ಚು ಸುರಿಯುತ್ತಿರಬಹುದು.

ಹೆಚ್ಚು ಬೆಳಕು ಎಂದರೆ ಹೆಚ್ಚು ಬಣ್ಣ ಎಂಬುದು ಈ ಹವ್ಯಾಸದ ಅತಿ ದುಬಾರಿ ತಪ್ಪು ತಿಳಿವಳಿಕೆ. ಬೆಳಕು ಮಿತಿಮೀರಿದರೆ ಪಾಚಿಯ ಆಹಾರ ತಯಾರಿಕೆ ಹಳಿ ತಪ್ಪಿ, ಹವಳದ ಜೀವಕೋಶಗಳಿಗೆ ಹಾನಿ ಮಾಡುವ ಆಮ್ಲಜನಕದ ಕಣಗಳು ಹುಟ್ಟುತ್ತವೆ. ಆಗ ಹವಳ ಪಾಚಿಯನ್ನೇ ಹೊರಹಾಕುತ್ತದೆ. ಪಾಚಿ ಹೋದರೆ ಊಟವೂ ಹೋಯಿತು. ಒಳಗಿನ ಬಿಳಿ ಸುಣ್ಣ ಎದ್ದು ಕಾಣುತ್ತದೆ. ಬ್ಲೀಚಿಂಗ್ ಎನ್ನುವುದು ಇದನ್ನೇ. ಬೆಳಕು ಕಡಿಮೆಯಾದರೆ ತಿರುಗಾ ಮುರುಗಾ: ಪಾಚಿ ಹೆಚ್ಚಿ ಹವಳ ಇನ್ನಷ್ಟು ಕಂದಾಗುತ್ತದೆ. ಕಂದಾಗಿದ್ದು ನೋಡಿ ಲೈಟ್ ಜೋರು ಮಾಡಿ ಒಂದೇ ವಾರದಲ್ಲಿ ಹವಳವನ್ನು ಸುಟ್ಟುಕೊಳ್ಳುವವರೇ ಹೆಚ್ಚು. ಹೊಸ ಲೈಟನ್ನು ಕಡಿಮೆ ಮಟ್ಟದಲ್ಲಿ ಶುರುಮಾಡಿ, ಕೆಲವು ವಾರಗಳಲ್ಲಿ ನಿಧಾನವಾಗಿ ಏರಿಸಬೇಕು.

ಇನ್ನೊಂದು ಸಂಗತಿ ಕೇಳಿದರೆ ಆ ವಿಡಿಯೋಗಳನ್ನು ನೀವು ಬೇರೆ ಕಣ್ಣಿನಿಂದ ನೋಡುತ್ತೀರಿ. ಕೆಲವು ಹವಳಗಳು ಬ್ಲೀಚ್ ಆಗುವಾಗ ಬಿಳುಪಾಗುವುದರ ಬದಲು ಕಣ್ಣು ಕೋರೈಸುವ ಬಣ್ಣಕ್ಕೆ ತಿರುಗುತ್ತವೆ. ಬ್ರಿಟನ್ನಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ತಂಡ 2020ರಲ್ಲಿ ಇದಕ್ಕೆ ಕಾರಣ ವಿವರಿಸಿತು. ಪಾಚಿ ಕಳೆದುಕೊಂಡ ಹವಳದೊಳಗೆ ಬೆಳಕು ಅತಿಯಾಗಿ ಚದುರುತ್ತದೆ. ತನ್ನನ್ನು ಕಾಪಾಡಿಕೊಳ್ಳಲು ಅದು ಬಣ್ಣದ ಪ್ರೋಟೀನನ್ನು ಹೆಚ್ಚಾಗಿ ತಯಾರಿಸಿ ಕೊಡೆಯಂತೆ ಹಿಡಿಯುತ್ತದೆ, ಪಾಚಿ ಮರಳಿ ಬರಲಿ ಎಂದು. ಅಂದರೆ ಆ ನಿಯಾನ್ ಬಣ್ಣ ಹವಳ ಕಷ್ಟದಲ್ಲಿರುವುದರ ಗುರುತೂ ಆಗಿರಬಹುದು. ಹವಳದ ಆರೋಗ್ಯ ನೋಡಬೇಕಾದದ್ದು ಬೇರೆ ಕಡೆ: ಪಾಲಿಪ್‌ಗಳು ದಿನವೂ ಅರಳುತ್ತಿವೆಯೇ, ಅಂಚಿನಲ್ಲಿ ಹೊಸ ಬೆಳವಣಿಗೆ ಇದೆಯೇ, ಮೈ ಸುಲಿದು ಸುಣ್ಣ ಕಾಣುತ್ತಿದೆಯೇ.

ಲೈಟಿಗಿಂತ ಮೊದಲು ನೀರು

ವಸಂತಪುರದಂಥ ಬಡಾವಣೆಗಳಲ್ಲಿ ಮನೆಗೆ ಬರುವುದು ಕಾವೇರಿ ನೀರು, ಬೋರ್‌ವೆಲ್ ನೀರು, ಇಲ್ಲವೇ ಟ್ಯಾಂಕರ್ ನೀರು. ಯಾವುದೂ ನೇರವಾಗಿ ಆಗುವುದಿಲ್ಲ. ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಬೋರ್‌ವೆಲ್ ನೀರು ಗಡಸು, ನೈಟ್ರೇಟ್ ಕೂಡ ಇರಬಹುದು. ಅಪಾರ್ಟ್‌ಮೆಂಟ್‌ನ ಸಾಫ್ಟ್‌ನರ್ ಗಡಸುತನ ತೆಗೆಯುತ್ತದೆಯೇ ಹೊರತು ನೈಟ್ರೇಟ್ ತೆಗೆಯುವುದಿಲ್ಲ. ಆರ್‌ಒ ನೀರೇ ಬೇಕು. ಅದರಲ್ಲೂ ಅಡುಗೆಮನೆಯ ಪ್ಯೂರಿಫೈಯರ್ 'ಕಾಪರ್' ಸೇರಿಸುವ ಮಾದರಿಯದಾಗಿದ್ದರೆ ಅದನ್ನು ಮುಟ್ಟಬೇಡಿ. ನಮಗೆ ತೊಂದರೆ ಕೊಡದಷ್ಟು ತಾಮ್ರವೂ ಬೆನ್ನೆಲುಬಿಲ್ಲದ ಕಡಲಜೀವಿಗಳಿಗೆ ವಿಷವಾಗಬಲ್ಲದು.

ಕಲ್ಲುಪ್ಪು ಹಾಕಿದರೆ ಸಮುದ್ರದ ನೀರಾಗುತ್ತದೆ ಎಂಬ ಮಾತೂ ಓಡಾಡುತ್ತಿರುತ್ತದೆ. ಆಗುವುದಿಲ್ಲ. ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣ ಇರುತ್ತದೆ ನಿಜ, ಆದರೆ ಅದರಲ್ಲಿ ಕ್ಯಾಲ್ಸಿಯಂ ಒಂದೇ 400 ಮಿ.ಗ್ರಾಂ. ಆಸುಪಾಸು, ಮೆಗ್ನೀಸಿಯಂ ಅದರ ಮೂರು ಪಟ್ಟು. ಕಲ್ಲುಪ್ಪು ಬಹುತೇಕ ಬರೀ ಸೋಡಿಯಂ ಕ್ಲೋರೈಡ್. ಇದಕ್ಕೆಂದೇ ತಯಾರಿಸಿದ ಲವಣದ ಮಿಶ್ರಣ ಬೇಕು. ಆಮೇಲೆ ಟ್ಯಾಂಕಿನ ನೀರು ಆವಿಯಾದಾಗ ಉಪ್ಪು ಒಳಗೇ ಉಳಿಯುತ್ತದೆ, ಹಾಗಾಗಿ ದಿನವೂ ಮೇಲಿಂದ ಹಾಕಬೇಕಾದದ್ದು ಉಪ್ಪುನೀರಲ್ಲ, ಬರೀ ಆರ್‌ಒ ನೀರು.

ತಾಪಮಾನ 24ರಿಂದ 27 ಡಿಗ್ರಿ ಇರಬೇಕು. ಬೆಂಗಳೂರಿನ ಹವೆ ಇದಕ್ಕೆ ವರ್ಷದ ಹೆಚ್ಚು ಕಾಲ ಒಳ್ಳೆಯದೇ. ಆದರೆ ಇದೇ ಊರು 2016ರ ಏಪ್ರಿಲ್ 25ರಂದು 39.2 ಡಿಗ್ರಿಯನ್ನೂ ಕಂಡಿದೆ. ಕರೆಂಟ್ ಹೋದಾಗ ಇನ್ವರ್ಟರ್‌ಗೆ ಜೋಡಿಸಬೇಕಾದದ್ದು ಆ ಚೆಂದದ ಲೈಟನ್ನಲ್ಲ, ನೀರು ಕದಡುವ ಪಂಪನ್ನು. ಬೆಳಕಿಲ್ಲದೆ ಹವಳ ಒಂದು ದಿನ ತಾಳುತ್ತದೆ, ಆಮ್ಲಜನಕ ಇಲ್ಲದೆ ತಾಳುವುದಿಲ್ಲ.

ಕಾನೂನು ಏನು ಹೇಳುತ್ತದೆ?

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ 2001ರಲ್ಲಿ ಹವಳಗಳನ್ನು ಸೇರಿಸಲಾಯಿತು. ಹುಲಿ, ಆನೆ ಇರುವ ಪಟ್ಟಿ ಅದು. ದಿಬ್ಬ ಕಟ್ಟುವ ಎಲ್ಲ ಗಟ್ಟಿ ಹವಳಗಳು, ಕಪ್ಪು ಹವಳ, ಆರ್ಗನ್ ಪೈಪ್ ಹವಳ, ಬೆಂಕಿ ಹವಳ, ಬೀಸಣಿಗೆಯಂತಿರುವ ಸೀ ಫ್ಯಾನ್‌ಗಳು ಇದರಲ್ಲಿವೆ. ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಹವಳಗಳು ಈಗಲೂ ಅದೇ ಅನುಸೂಚಿಯಲ್ಲಿವೆ. ಶಿಕ್ಷೆ 3ರಿಂದ 7 ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ.

ಆಕ್ರೊಪೊರಾ, ಮಾಂಟಿಪೊರಾ, 'ಟಾರ್ಚ್', 'ಹ್ಯಾಮರ್', 'ಬ್ರೇನ್' ಎಂಬ ಹೆಸರುಗಳಲ್ಲಿ ಓಡಾಡುವವು ಗಟ್ಟಿ ಹವಳಗಳು. ಟ್ಯಾಂಕಿನಲ್ಲೇ ಬೆಳೆಸಿ ಮುರಿದುಕೊಟ್ಟ ತುಂಡು ಎಂಬ ಸಮಜಾಯಿಷಿಯನ್ನು ನಂಬಿಕೊಳ್ಳಬೇಡಿ, ಅನುಸೂಚಿ ಹೆಸರಿಸುವುದು ಜೀವಿಯನ್ನು, ಅದು ಬೆಳೆದ ಜಾಗವನ್ನಲ್ಲ. ಅಂಡಮಾನ್ ಪ್ರವಾಸದಿಂದ ತಂದ ಸತ್ತ ಹವಳದ ತುಂಡು ಶೋಕೇಸ್‌ನಲ್ಲಿದ್ದರೂ ಅದೇ ಕಾನೂನು. ಅಂದಹಾಗೆ, ಮನೆಗೆ ದೃಷ್ಟಿ ತಾಗದಿರಲಿ ಎಂದು ಫ್ರೇಮ್ ಹಾಕಿಸಿ ಮಾರುವ 'ಇಂದ್ರಜಾಲ' ಬೇರು ಇದೆಯಲ್ಲ, ಅದು ಬೇರೂ ಅಲ್ಲ, ಕಾಡಿನ ಗಿಡವೂ ಅಲ್ಲ. ಕಪ್ಪು ಹವಳ ಅಥವಾ ಸೀ ಫ್ಯಾನ್. ಗೋಡೆಗೆ ನೇತುಹಾಕಿದರೆ ದೃಷ್ಟಿ ಹೋಗುತ್ತದೋ ಇಲ್ಲವೋ, ಕೇಸಂತೂ ಬೀಳಬಹುದು.

ಕಾನೂನು ಇಷ್ಟು ಬಿಗಿಯಾಗಿರುವುದಕ್ಕೆ ಕಾರಣವಿದೆ. ಬಿಸಿಯೇರಿದ ಸಮುದ್ರದಿಂದ ಜಗತ್ತಿನ ಹವಳಗಳು ನಾಲ್ಕನೇ ಬಾರಿ ಸಾಮೂಹಿಕವಾಗಿ ಬ್ಲೀಚ್ ಆಗುತ್ತಿವೆ ಎಂದು 2024ರ ಏಪ್ರಿಲ್‌ನಲ್ಲಿ ಅಮೆರಿಕದ ನೋವಾ ಸಂಸ್ಥೆ ಘೋಷಿಸಿತು. ಮುಂದಿನ ತಿಂಗಳೇ ನಮ್ಮ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಲಕ್ಷದ್ವೀಪದಲ್ಲಿ ತೀವ್ರ ಬ್ಲೀಚಿಂಗ್ ಆಗಿರುವುದನ್ನು ವರದಿ ಮಾಡಿತು. ಕರ್ನಾಟಕದ್ದೇ ಹವಳ ನೋಡಬೇಕೆಂದರೆ ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿಗೆ ಹೋಗಿ, ಮಳೆಗಾಲ ಬಿಟ್ಟು, ಸ್ಕೂಬಾ ಡೈವಿಂಗ್ ಮಾಡಬಹುದು. ಅಲ್ಲಿನ ಹವಳ ನೀಲಿ ಎಲ್‌ಇಡಿ ವಿಡಿಯೋದಂತೆ ಮಿನುಗುವುದಿಲ್ಲ. ಹೆಚ್ಚಾಗಿ ಕಂದು, ಮಾಸಲು ಹಸಿರು. ಅವು ಚೆನ್ನಾಗಿದ್ದರೆ ಇರುವುದೇ ಹಾಗೆ.

ಹಾಗಾದರೆ ಉಳಿದವು ಸುರಕ್ಷಿತವೇ?

ಮಶ್ರೂಮ್, ಲೆದರ್, ಜೋವಾಂತಿಡ್ ಎಂಬ ಮೆತ್ತನೆಯವು ಮೇಲಿನ ಪಟ್ಟಿಯಲ್ಲಿಲ್ಲ. ಮನೆಗಳಲ್ಲಿ ಇವನ್ನು ಇಡುವುದು ಅದಕ್ಕೇ. 'ಜೋವಾ', 'ಪಾಲಿ' ಎಂದು ಮಾರುವ ಜೋವಾಂತಿಡ್‌ಗಳಂತೂ ಬಟನ್‌ನಷ್ಟು ಪುಟ್ಟ ಹೂಗಳಂತಿರುತ್ತವೆ, ಸಾಕುವುದೂ ಸುಲಭ, ನೀಲಿ ಬೆಳಕಿನಲ್ಲಿ ಎಲ್ಲಕ್ಕಿಂತ ಚೆಂದ. ಆದರೆ ಇವುಗಳಲ್ಲಿ ಕೆಲವದರಲ್ಲಿ, ಅದರಲ್ಲೂ 'ಪಾಲಿ'ಗಳಲ್ಲಿ, ಪ್ಯಾಲಿಟಾಕ್ಸಿನ್ ಇರುತ್ತದೆ. ಪ್ರಾಣಿಗಳಲ್ಲಿ ಸಿಗುವ ಅತಿ ತೀಕ್ಷ್ಣ ವಿಷಗಳಲ್ಲಿ ಇದೂ ಒಂದು. 1971ರಲ್ಲಿ ಹವಾಯಿಯ ವಿಜ್ಞಾನಿಗಳು ಇದನ್ನು ಬೇರ್ಪಡಿಸಿದರು. ಜೀವಕೋಶದ ಸೋಡಿಯಂ, ಪೊಟ್ಯಾಸಿಯಂ ಸಮತೋಲ ಕಾಯುವ ಪಂಪನ್ನೇ ಇದು ತೆರೆದ ಬಾಗಿಲಾಗಿಸಿಬಿಡುತ್ತದೆ.

ಅಪಾಯ ಆಗುವುದು ಹೆಚ್ಚಾಗಿ ಟ್ಯಾಂಕ್ ಕ್ಲೀನ್ ಮಾಡುವಾಗ. 2018ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನ ಸ್ಟೀವನ್‌ಟನ್ ಎಂಬ ಊರಿನಲ್ಲಿ ಒಬ್ಬರು ಟ್ಯಾಂಕಿನಿಂದ ಹವಳ ಹೊರತೆಗೆದು ಸ್ವಚ್ಛ ಮಾಡಿದ್ದಕ್ಕೆ ಮನೆಯವರಷ್ಟೇ ಅಲ್ಲ, ನೆರವಿಗೆ ಬಂದ ಅಗ್ನಿಶಾಮಕ ಸಿಬ್ಬಂದಿಯೂ ಆಸ್ಪತ್ರೆ ಸೇರಬೇಕಾಯಿತು. ಯಾರೂ ಅದನ್ನು ತಿಂದಿರಲಿಲ್ಲ. ಅದು ಉಸಿರಿನೊಂದಿಗೆ ಒಳಹೊಕ್ಕಿತ್ತು.

ಹವಳ ಅಂಟಿದ ಕಲ್ಲನ್ನು ಕುದಿಸುವುದು, ಬಿಸಿನೀರು ಸುರಿಯುವುದು, ಬ್ರಶ್ಶಿನಲ್ಲಿ ಒಣಗಣದಾಗಿ ಉಜ್ಜುವುದು ಯಾವತ್ತೂ ಬೇಡ. ಕುದಿಸಿದರೆ ವಿಷ ಸಾಯುವುದಿಲ್ಲ, ಹಬೆಯೊಂದಿಗೆ ಕೋಣೆ ತುಂಬುತ್ತದೆ. ಮುಟ್ಟುವಾಗ ಗ್ಲೌಸ್ ಮತ್ತು ಕನ್ನಡಕ ಇರಲಿ, ಕೈಯಲ್ಲಿ ಗಾಯವಿದ್ದರೆ ಆ ದಿನ ಟ್ಯಾಂಕಿಗೆ ಕೈಯಿಡಬೇಡಿ. ಟ್ಯಾಂಕ್ ಕ್ಲೀನ್ ಮಾಡಿದ ಮೇಲೆ ಜ್ವರ, ಕೆಮ್ಮು, ಉಸಿರಾಟದ ತೊಂದರೆ, ಬಾಯಲ್ಲಿ ಲೋಹದ ರುಚಿ, ಮಾಂಸಖಂಡಗಳ ನೋವು, ಕಣ್ಣುರಿ ಕಾಣಿಸಿಕೊಂಡರೆ ಮನೆಯವರೆಲ್ಲ ಕೂಡಲೇ ಹೊರಗೆ ಬಂದು ಆಸ್ಪತ್ರೆಗೆ ಹೋಗಿ. ಇದಕ್ಕೆ ಪ್ರತ್ಯೌಷಧವಿಲ್ಲ, ಲಕ್ಷಣಗಳಿಗೆ ತಕ್ಕ ಚಿಕಿತ್ಸೆ ಕೊಡುತ್ತಾರೆ. ಡಾಕ್ಟರಿಗೆ ವೈರಲ್ ಜ್ವರ ಎನಿಸುವ ಸಾಧ್ಯತೆ ಹೆಚ್ಚು, ಹಾಗಾಗಿ ಮನೆಯಲ್ಲಿ ಹವಳದ ಟ್ಯಾಂಕ್ ಇದೆ, ಪ್ಯಾಲಿಟಾಕ್ಸಿನ್ ಇರಬಹುದು ಎಂದು ನೀವೇ ಬಾಯಿಬಿಟ್ಟು ಹೇಳಬೇಕು.