ಹಳದಿ ದೀಪದ ಫಿರ್ಯಾದು

ಕಾರಿನ ಕೀಲಿ ತಿರುಗಿಸಿದೊಡನೆ ಸ್ಟಿಯರಿಂಗ್ ಹಿಂದಿನ ಫಲಕದಲ್ಲಿ ಒಂದಿಷ್ಟು ದೀಪಗಳು ಹೊತ್ತಿಕೊಳ್ಳುತ್ತವೆ. ಎಂಜಿನ್ ಚಾಲೂ ಆದಮೇಲೆ ಆರಿಹೋಗುತ್ತವೆ. ಅವುಗಳಲ್ಲಿ ಎಂಜಿನ್ನಿನ ಪುಟ್ಟ ಚಿತ್ರವಿರುವ ಹಳದಿ ದೀಪವೊಂದಿದೆ. ಒಂದು ದಿನ ಅದು ಆರದೆ ಹಾಗೇ ಉಳಿದುಬಿಟ್ಟರೆ ಮನೆಯಲ್ಲಿ ಎರಡು ಪಂಗಡಗಳಾಗುತ್ತವೆ. ‘ಗಾಡಿ ಚೆನ್ನಾಗೇ ಓಡ್ತಿದೆಯಲ್ಲ, ಬಿಡು’ ಎನ್ನುವವರದು ಒಂದು. ‘ಈಗಲೇ ಗ್ಯಾರೇಜಿಗೆ ಒಯ್ಯಿರಿ’ ಎನ್ನುವವರದು ಇನ್ನೊಂದು. ಎರಡನೆಯ ಪಂಗಡ ಗೆದ್ದು, ಸಾವಿರಾರು ರೂಪಾಯಿಯ ಬಿಡಿಭಾಗ ಬದಲಾಯಿಸಿಕೊಂಡು ಬಂದ ವಾರದೊಳಗೆ ದೀಪ ಮತ್ತೆ ಹೊತ್ತಿಕೊಂಡರೆ ಮೊದಲ ಪಂಗಡದವರ ಮುಖ ನೋಡಬೇಕು!

ಈ ದೀಪ ಹುಟ್ಟಿದ್ದು ಎಂಜಿನ್ನಿನ ಮೇಲಿನ ಕಾಳಜಿಗಿಂತ ಹೆಚ್ಚಾಗಿ ಹೊಗೆಯ ಮೇಲಿನ ಸಿಟ್ಟಿನಿಂದ. 1943ರ ಬೇಸಿಗೆಯಲ್ಲಿ ಅಮೆರಿಕದ ಲಾಸ್ ಏಂಜಲಿಸ್ ನಗರಕ್ಕೆ ಕಣ್ಣುರಿಸುವ ಮಬ್ಬು ಕವಿಯಿತು. ವರ್ಷವರ್ಷವೂ ಮರುಕಳಿಸಿತು. ಕಾರಣ ಹುಡುಕಿದವರು ಆರಿ ಹಾಗೆನ್-ಸ್ಮಿಟ್ ಎಂಬ ಜೀವರಸಾಯನ ವಿಜ್ಞಾನಿ. ಅದಕ್ಕೂ ಮೊದಲು ಅವರು ಅನಾನಸ್ ಹಣ್ಣಿನ ಪರಿಮಳ ಎಲ್ಲಿಂದ ಬರುತ್ತದೆಂದು ಶೋಧಿಸುತ್ತಿದ್ದರು. ಹಣ್ಣಿನ ಸುವಾಸನೆ ಹಿಡಿಯುವ ವಿದ್ಯೆಯನ್ನೇ ಊರಿನ ದುರ್ವಾಸನೆಗೂ ಬಳಸಿ, ವಾಹನಗಳ ಹೊಗೆ ಬಿಸಿಲಿಗೆ ಬೆಂದು ಆ ಮಬ್ಬಾಗುತ್ತದೆಂದು 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟರು. ಕಾರು ತಯಾರಕರಿಗೆ ಅದು ರುಚಿಸಲಿಲ್ಲ ಎನ್ನುವುದನ್ನು ಬೇರೆ ಹೇಳಬೇಕಿಲ್ಲ.

ಆಮೇಲೆ ಬಿಗಿಯಾದ ಕಾಯಿದೆಗಳು ಬಂದವು. ಆದರೆ ಹೊಸದರಲ್ಲಿ ಶುದ್ಧವಾಗಿದ್ದ ಕಾರು ಐದಾರು ವರ್ಷದ ನಂತರವೂ ಹಾಗೇ ಇದೆಯೆಂದು ತಿಳಿಯುವುದು ಹೇಗೆ? ಕಾರೇ ತನ್ನ ಮೇಲೆ ತಾನು ದೂರು ಕೊಡಲಿ ಎಂದರು. 1988ರ ಮಾದರಿಯಿಂದ ಕ್ಯಾಲಿಫೋರ್ನಿಯಾದಲ್ಲಿ, 1996ರ ಮಾದರಿಯಿಂದ ಅಮೆರಿಕದಾದ್ಯಂತ ಈ ಸ್ವಯಂತಪಾಸಣೆ ಕಡ್ಡಾಯವಾಯಿತು. ನಮ್ಮಲ್ಲಿ ‘ಭಾರತ್ ಸ್ಟೇಜ್ 4’ರ ಕಾಲದಲ್ಲಿ, 2010ರ ನಂತರ, ಕಾರುಗಳಿಗೆ ಹಂತಹಂತವಾಗಿ ಬಂತು. 2020ರ ಏಪ್ರಿಲ್ 1ರಂದು ‘ಸ್ಟೇಜ್ 6’ ಜಾರಿಯಾದಾಗ ಬೈಕು, ಸ್ಕೂಟರುಗಳಿಗೂ ಬಂತು. ಕಾಲೇಜಿಗೆ ಹೋಗುವ ಮಗಳ ಸ್ಕೂಟರಿನಲ್ಲೂ ಈ ಹಳದಿ ದೀಪವಿದೆ, ಗಮನಿಸಿ.

ದೂರು ಕೊಡುವವರಲ್ಲಿ ಮುಖ್ಯಸ್ಥ ಆಮ್ಲಜನಕ ಸಂವೇದಕ, ಅಂದರೆ ‘ಆಕ್ಸಿಜನ್ ಸೆನ್ಸರ್’. ಹೊಗೆಕೊಳವೆಯೊಳಗೆ ಮೂತಿ ತೂರಿಸಿ ಕೂತ, ಸ್ಪಾರ್ಕ್ ಪ್ಲಗ್ಗಿನಂಥ ವಸ್ತು ಅದು. 1976ರಲ್ಲಿ ಜರ್ಮನಿಯ ಬಾಷ್ ಕಂಪನಿ ಇದರ ತಯಾರಿಕೆ ಆರಂಭಿಸಿತು. ಇದರ ತಿರುಳು ಜಿರ್ಕೋನಿಯಂ ಡೈಆಕ್ಸೈಡ್. ನಮ್ಮ ಚಿನ್ನದಂಗಡಿಗಳಲ್ಲಿ ‘ಅಮೆರಿಕನ್ ಡೈಮಂಡ್’ ಎಂದು ಮೂಗುತಿಗೆ ಕೂರಿಸಿ ಮಾರುವುದೂ ಇದೇ ಪದಾರ್ಥವನ್ನೇ! ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟಿ ಕಾದಾಗ ಈ ಪಿಂಗಾಣಿ ಆಮ್ಲಜನಕದ ಅಯಾನುಗಳನ್ನು ತನ್ನ ಮೂಲಕ ಹಾಯಬಿಡುತ್ತದೆ. ಹೊರಗಿನ ಗಾಳಿಗೂ ಹೊಗೆಗೂ ಇರುವ ಆಮ್ಲಜನಕದ ಅಂತರವೇ ವಿದ್ಯುತ್ತಾಗುತ್ತದೆ. ಒಂದು ಕಿಲೋ ಪೆಟ್ರೋಲು ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಪೆಟ್ರೋಲು ಹೆಚ್ಚಾದರೆ ಸಂವೇದಕ 0.9 ವೋಲ್ಟಿನ ಆಸುಪಾಸು ತೋರಿಸುತ್ತದೆ, ಗಾಳಿ ಹೆಚ್ಚಾದರೆ 0.1. ಅದನ್ನು ನೋಡಿಕೊಂಡು ಕಾರಿನ ಗಣಕ ಕ್ಷಣಕ್ಷಣಕ್ಕೂ ಪೆಟ್ರೋಲನ್ನು ಒಂದಿಷ್ಟು ಏರಿಸುತ್ತ, ಇಳಿಸುತ್ತ ಇರುತ್ತದೆ.

ಇಂಥ ಹತ್ತಾರು ವರದಿಗಳಲ್ಲಿ ಒಂದು ತಪ್ಪಿದರೂ ದೀಪ ಕೂಡಲೇ ಹೊತ್ತುವುದಿಲ್ಲ. ಬಹುಪಾಲು ದೋಷಗಳು ಒಂದರ ಹಿಂದೊಂದು ಎರಡು ಪ್ರಯಾಣಗಳಲ್ಲಿ ಕಾಣಿಸಿಕೊಂಡರೆ ಮಾತ್ರ ದೀಪ. ಹಾಗಾಗಿ ಅದು ಹೊತ್ತಿದೆಯೆಂದರೆ ಗಣಕ ಒಮ್ಮೆ ಕ್ಷಮಿಸಿ ನೋಡಿಯಾಗಿದೆ ಎಂದರ್ಥ.

ಇಲ್ಲಿ ಮನೆಮಂದಿಯೆಲ್ಲ ತಿಳಿದಿರಬೇಕಾದ ಒಂದು ಭೇದವಿದೆ. ಹಳದಿ ದೀಪ ನಿಶ್ಚಲವಾಗಿ ಉರಿಯುತ್ತಿದ್ದು ಗಾಡಿಯ ನಡಿಗೆ ಸರಿಯಾಗಿದ್ದರೆ ಊರು ತಲುಪಿ, ಎರಡು ಮೂರು ದಿನದಲ್ಲಿ ತೋರಿಸಿದರಾಯಿತು. ಅದೇ ದೀಪ ಮಿಣುಕತೊಡಗಿದರೆ ಕತೆ ಬೇರೆ. ಆಗ ಯಾವುದೋ ಸಿಲಿಂಡರಿನಲ್ಲಿ ಕಿಡಿ ತಪ್ಪಿದೆ. ಮೆಕ್ಯಾನಿಕರ ಭಾಷೆಯಲ್ಲಿ ಗಾಡಿ ‘ಮಿಸ್ಸಿಂಗ್ ಹೊಡೆಯುತ್ತಿದೆ’. ಉರಿಯದ ಪೆಟ್ರೋಲು ಹೊಗೆಕೊಳವೆಗೆ ಹೋಗಿ, ಅಲ್ಲಿನ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಉರಿದು ಅದನ್ನು ಕರಗಿಸಿಬಿಡಬಲ್ಲದು. ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪಿಸಿದ ಆ ಡಬ್ಬಿಯ ಬೆಲೆಯ ಮುಂದೆ ಪ್ಲಗ್ಗಿನ ಬೆಲೆ ಏನೇನೂ ಅಲ್ಲ. ವೇಗ ಇಳಿಸಿ, ಬದಿಗೆ ನಿಲ್ಲಿಸಿ, ಎಂಜಿನ್ ಆರಿಸಿ. ಎಣ್ಣೆಯ ಜಾರಿಯ ಚಿತ್ರವಿರುವ ಕೆಂಪು ದೀಪ ಇದಕ್ಕಿಂತ ತುರ್ತಿನದು. ಅದು ಆಯಿಲ್ ಒತ್ತಡ ಬಿದ್ದ ಸೂಚನೆ. ಅದು ಹೊತ್ತಿದ ಮೇಲೆ ‘ಮುಂದಿನ ಊರಿನವರೆಗೆ’ ಎಂದು ಹೋದವರ ಎಂಜಿನ್ ಜಾಮ್ ಆಗಬಹುದು.

ಇನ್ನು ದೂರನ್ನು ಓದುವ ಬಗೆ. ಸ್ಟಿಯರಿಂಗಿನ ಕೆಳಗೆ, ಮೊಣಕಾಲಿನ ಹತ್ತಿರ 16 ಪಿನ್ನಿನ ಸಾಕೆಟ್ ಇರುತ್ತದೆ. ಅದಕ್ಕೆ ಸಿಕ್ಕಿಸಿ, ಬ್ಲೂಟೂತ್ ಮೂಲಕ ಮೊಬೈಲಿನಲ್ಲಿ ನೋಡುವ ಪುಟ್ಟ ಉಪಕರಣಗಳು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತವೆ. ಸಿಗುವ ಸಂಕೇತ ‘ಪಿ 0301’ ಎಂಬಂತಿರುತ್ತದೆ. ‘ಪಿ’ ಎಂದರೆ ಎಂಜಿನ್ ಮತ್ತು ಗೇರಿನ ವಿಭಾಗ. ಮುಂದಿನ ಸೊನ್ನೆ, ಇದು ಎಲ್ಲ ಕಂಪನಿಗಳಿಗೂ ಸಾಮಾನ್ಯವಾದ ಸಂಕೇತ ಎನ್ನುತ್ತದೆ. 3 ಎಂದರೆ ಕಿಡಿಯ ತಕರಾರು, ಕೊನೆಯ 01 ಒಂದನೇ ಸಿಲಿಂಡರು. ಇದೊಂದು ಫಿರ್ಯಾದು, ತೀರ್ಪಲ್ಲ. ಕಾರಣ ಪ್ಲಗ್ ಇರಬಹುದು, ಇಗ್ನಿಷನ್ ಕಾಯಿಲ್ ಇರಬಹುದು, ಇಂಜೆಕ್ಟರ್ ಇರಬಹುದು. ರಾತ್ರಿ ಬಾನೆಟ್ಟಿನೊಳಗೆ ಬೆಚ್ಚಗೆ ಮಲಗಿದ್ದ ಇಲಿ ವೈರು ಕಡಿದಿರಲೂಬಹುದು. (ಎಂಜಿನ್ ಪಕ್ಕ ಹೊಗೆಸೊಪ್ಪಿನ ಎಲೆ ಇಡುವವರಿದ್ದಾರೆ. ಇಲಿಗಳ ಅಭಿಪ್ರಾಯ ಕೇಳಿದವರಿಲ್ಲ.)

ಹಾಗಾದರೆ ಅಪರಾಧಿ ಯಾರು? ಒಂದೊಂದು ಸಿಲಿಂಡರಿಗೂ ಪ್ರತ್ಯೇಕ ಕಾಯಿಲ್ ಇರುವ ಎಂಜಿನ್ನಿನಲ್ಲಿ ಚಂದದ ಪ್ರಯೋಗವೊಂದಿದೆ. ಎಂಜಿನ್ ಆರಿಸಿ, ತಣ್ಣಗಾದ ಮೇಲೆ ಒಂದನೇ ಸಿಲಿಂಡರಿನ ಕಾಯಿಲನ್ನು ಮೂರನೆಯದಕ್ಕೂ, ಮೂರನೆಯದನ್ನು ಒಂದಕ್ಕೂ ಹಾಕಿ. ಸಂಕೇತ ಅಳಿಸಿ ಓಡಿಸಿ. ಈಗ 0303 ಬಂದರೆ ರೋಗ ಕಾಯಿಲಿನ ಜೊತೆಗೇ ಹೋಯಿತು, ಕಾಯಿಲ್ ಬದಲಿಸಿ. ಮತ್ತೆ 0301 ಬಂದರೆ ಕಾಯಿಲ್ ನಿರಪರಾಧಿ; ಇನ್ನು ಪ್ಲಗ್ಗುಗಳ ಸರದಿ. ಆಮೇಲೆ ಇಂಜೆಕ್ಟರು, ಕೊನೆಗೆ ಕಂಪ್ರೆಶನ್ ಪರೀಕ್ಷೆ. ಒಂದು ಸಲಕ್ಕೆ ಒಂದೇ ವಸ್ತು ಬದಲಿಸಬೇಕು ಎಂದು ಪ್ರಯೋಗಶಾಲೆಯಲ್ಲಿ ಮೇಷ್ಟ್ರು ಹೇಳುವುದು ಇದನ್ನೇ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಗಾಡಿ ರಿಪೇರಿಯಾದೀತು. ಯಾವುದಕ್ಕೆ ಎಷ್ಟು ದಂಡ ತೆತ್ತಿರೆಂದು ಮಾತ್ರ ತಿಳಿಯದು.

ಇನ್ನೂ ಹೆಚ್ಚು ಹಣ ಕಳೆಯುವ ಸಂಕೇತ 0171, ‘ಮಿಶ್ರಣದಲ್ಲಿ ಗಾಳಿ ಹೆಚ್ಚಾಗಿದೆ’ ಎಂಬುದು. ಹಾಗೆ ಹೇಳಿದ್ದು ಆಮ್ಲಜನಕ ಸಂವೇದಕ ತಾನೇ ಎಂದು ಅದನ್ನೇ ಕಿತ್ತು ಹೊಸದು ಹಾಕುವವರಿದ್ದಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಸುದ್ದಿ ತಂದವನ ಬದಲು ಸುದ್ದಿಯನ್ನು ನೋಡಬೇಕು. ಅದೇ ಉಪಕರಣದಲ್ಲಿ ‘ಫ್ಯುಯೆಲ್ ಟ್ರಿಮ್’ ಎಂಬ ಅಂಕಿ ಸಿಗುತ್ತದೆ: ಗಣಕ ತನ್ನ ಲೆಕ್ಕಕ್ಕಿಂತ ಶೇಕಡಾ ಎಷ್ಟು ಹೆಚ್ಚು ಪೆಟ್ರೋಲು ಸುರಿಯುತ್ತಿದೆ ಎಂಬುದು. ಒಳಬರುವ ಗಾಳಿಯನ್ನು ಅಳೆಯುವ ಮೀಟರಿರುವ ಎಂಜಿನ್ನಿನಲ್ಲಿ, ನಿಂತಲ್ಲೇ ಎಂಜಿನ್ ಓಡುವಾಗ ಈ ಅಂಕಿ ಶೇ 25ರಷ್ಟಿದ್ದು, ನಿಮಿಷಕ್ಕೆ 2500 ಸುತ್ತಿಗೆ ಏರಿಸಿದಾಗ ಸರಿಹೋದರೆ, ಮೀಟರಿನ ಆಚೆ ಎಲ್ಲೋ ರಬ್ಬರ್ ಕೊಳವೆ ಬಿರಿದು ಕಳ್ಳಗಾಳಿ ನುಗ್ಗುತ್ತಿದೆ. ಒಂದು ಲೋಟ ಪಾನಕಕ್ಕೆ ಬಿದ್ದ ಚಮಚ ಉಪ್ಪು ಗೊತ್ತಾಗುತ್ತದೆ. ಕೊಡಕ್ಕೆ ಬಿದ್ದರೆ ಗೊತ್ತಾಗದು. ನಿಧಾನಗತಿಯಲ್ಲಿ ಎಂಜಿನ್ ಕುಡಿಯುವ ಗಾಳಿ ಒಂದು ಲೋಟ, ವೇಗದಲ್ಲಿ ಒಂದು ಕೊಡ. ಇದಕ್ಕೆ ತಿರುವುಮುರುವಾಗಿ, ನಿಂತಾಗ ಸರಿಯಿದ್ದು ವೇಗ ಹೆಚ್ಚಿದಂತೆ ಅಂಕಿ ಏರಿದರೆ ಪೆಟ್ರೋಲು ಪಂಪು, ಫಿಲ್ಟರುಗಳ ಮೇಲೆ ಅನುಮಾನ ಪಡಬೇಕು. ಬಿರಿದ ಕೊಳವೆಯ ರಿಪೇರಿ ಹಲವು ಸಲ ಅತಿ ಅಗ್ಗದ್ದು.

ಅಮೆರಿಕದಲ್ಲಿರುವ ಮಕ್ಕಳು ಫೋನಿನಲ್ಲಿ ಹೇಳುವ ಕತೆ ಇನ್ನೂ ತಮಾಷೆಯದು: ಅಲ್ಲಿ ಪೆಟ್ರೋಲು ಟ್ಯಾಂಕಿನ ಮುಚ್ಚಳ ಸಡಿಲವಾದರೂ ದೀಪ ಹೊತ್ತೀತು, ಆವಿ ಸೋರುವುದನ್ನೂ ಗಣಕ ಪರೀಕ್ಷಿಸುವುದರಿಂದ. ಮುಚ್ಚಳ ಬಿಗಿಮಾಡಿ ಕೆಲವು ದಿನ ಓಡಿಸಿದರೆ ತಾನೇ ಆರುತ್ತದೆ.

ಬ್ಯಾಟರಿಯ ವೈರು ಬಿಚ್ಚಿ ಹಾಕಿ ‘ದೀಪ ಹೋಯ್ತು ಸಾರ್’ ಎನ್ನುವ ಚಿಕಿತ್ಸೆಯೂ ಚಾಲ್ತಿಯಲ್ಲಿದೆ. ಜ್ವರದ ಮಾತ್ರೆ ನುಂಗಿಸಿ ಶಾಲೆಗೆ ಕಳಿಸಿದಂತೆ. ರೋಗ ಉಳಿದಿರುತ್ತದೆ, ಮೇಲಾಗಿ ದೋಷ ಕಂಡ ಕ್ಷಣದಲ್ಲಿ ವೇಗ, ಬಿಸಿ, ಭಾರ ಎಷ್ಟಿತ್ತೆಂದು ಗಣಕ ಬರೆದಿಟ್ಟ ಪಂಚನಾಮೆಯೂ ಅಳಿಸಿಹೋಗುತ್ತದೆ. ಸಂಕೇತವನ್ನು ಮೊದಲು ಬರೆದುಕೊಳ್ಳಿ, ಆಮೇಲೆ ಏನಾದರೂ ಬಿಚ್ಚಲಿ. ಯಾವ ಪರೀಕ್ಷೆ ಮಾಡಿ ಈ ಭಾಗ ಕೆಟ್ಟಿದೆ ಎನ್ನುತ್ತೀರಿ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಒಳ್ಳೆಯ ಮೆಕ್ಯಾನಿಕ್ ಬೇಸರಿಸದೆ ಹೇಳುತ್ತಾನೆ.

ಹಳೆಯ ಕಾರು ಕೊಳ್ಳಲು ಹೊರಟವರಿಗೆ ಇದರಿಂದ ಇನ್ನೊಂದು ಉಪಯೋಗವಿದೆ. ಅಳಿಸಿದ ನಂತರ ಗಣಕ ತನ್ನ ಎಲ್ಲ ಪರೀಕ್ಷೆಗಳನ್ನೂ ಮೊದಲಿನಿಂದ ಮಾಡಬೇಕು. ಅದಕ್ಕೆ ಕೆಲವು ದಿನಗಳ ಓಡಾಟ ಬೇಕು. ಉಪಕರಣದಲ್ಲಿ ‘ಪರೀಕ್ಷೆ ಮುಗಿದಿಲ್ಲ’ ಎಂಬ ಸಾಲುಗಳೇ ತುಂಬಿದ್ದರೆ ಇತ್ತೀಚೆಗೆ ಯಾರೋ ಸ್ಲೇಟು ಒರೆಸಿದ್ದಾರೆ, ಇಲ್ಲವೇ ಬ್ಯಾಟರಿ ಬದಲಿಸಿದ್ದಾರೆ, ಕೇಳಿ ನೋಡಿ. ಉಪಕರಣವಿಲ್ಲದಿದ್ದರೆ ಬರಿಗಣ್ಣು ಸಾಕು. ಎಂಜಿನ್ ಚಾಲೂ ಮಾಡದೆ ಕೀಲಿಯನ್ನಷ್ಟೇ ತಿರುಗಿಸಿ. ಹಳದಿ ದೀಪ ಹೊತ್ತಲೇಬೇಕು. ಹೊತ್ತದಿದ್ದರೆ ಬಲ್ಬು ಸುಟ್ಟಿದೆ, ಇಲ್ಲವೇ ಯಾರೋ ಅದರ ಬಾಯಿ ಕಟ್ಟಿದ್ದಾರೆ. ಆ ಬಲ್ಬು ಹಾಕಿಸಿ, ಹೊತ್ತಿಸಿ ತೋರಿಸುವವರೆಗೆ ಮುಂಗಡ ಹಣ ಕೊಡಬೇಡಿ.