ಸಂಕ್ಷೇಪಿಸುವ ಆತುರ ಬೇಡ

ಎರಡು ಭಿನ್ನರಾಶಿಗಳ ನಡುವೆ ಸಮಾಂತರ ಮಾಧ್ಯಗಳನ್ನು ಸೇರಿಸುವ ಲೆಕ್ಕ ಬಂದರೆ ಮಕ್ಕಳು ಹಿಂಜರಿಯುತ್ತಾರೆ. ಭಿನ್ನರಾಶಿಯೇ ಅವರಿಗೆ ಬಾರದು ಎಂದು ನಾವು ಸಮಾಧಾನ ಹೇಳಿಕೊಳ್ಳುತ್ತೇವೆ. ಬೋಧನಾಭ್ಯಾಸದಲ್ಲಿ ಈ ಪಾಠ ಮಾಡಿದ ಮೇಲೆ ನನ್ನ ಅಭಿಪ್ರಾಯ ಬೇರೆಯಾಗಿದೆ. ತೊಡಕಿರುವುದು ಪ್ರತಿ ಹಂತದಲ್ಲೂ ಸಂಕ್ಷೇಪಿಸಿ ಎನ್ನುವ ನಮ್ಮ ಆತುರದಲ್ಲಿ.

1/3 ಮತ್ತು 1/2 ರ ನಡುವೆ 4 ಮಾಧ್ಯಗಳನ್ನು ಸೇರಿಸಬೇಕೆನ್ನಿ. ಸೂತ್ರದಿಂದ ಬರುವ ಉತ್ತರ 11/30, 2/5, 13/30, 7/15. ಉತ್ತರ ಸರಿ, ಆದರೆ ಇದರಲ್ಲಿ ಶ್ರೇಢಿ ಕಣ್ಣಿಗೆ ಕಾಣುವುದಿಲ್ಲ. ಅದನ್ನೇ ಸಂಕ್ಷೇಪಿಸದೆ ಬರೆಯೋಣ: 10/30, 11/30, 12/30, 13/30, 14/30, 15/30. ಸಾಮಾನ್ಯ ವ್ಯತ್ಯಾಸ 1/30 ಎಂಬುದನ್ನು ಈಗ ಮಕ್ಕಳೇ ಹೇಳುತ್ತಾರೆ.

ಈ 30 ಎಲ್ಲಿಂದ ಬಂತು? ಮೊದಲು ಛೇದ ಸಮಮಾಡಿದರೆ 2/6 ಮತ್ತು 3/6. ನಡುವೆ 4 ಸಂಖ್ಯೆ ಕೂರಿಸಿದರೆ ಒಟ್ಟು 6 ಸಂಖ್ಯೆಗಳು, 5 ಅಂತರಗಳು. ಆದ್ದರಿಂದ ಅಂಶ, ಛೇದ ಎರಡನ್ನೂ 5 ರಿಂದ ಗುಣಿಸಬೇಕು. ಹಲವು ಮಕ್ಕಳು 4 ಎನ್ನುತ್ತಾರೆ. ಅಂಗೈ ಚಾಚಿಸಿ ಬೆರಳುಗಳನ್ನೂ ಅವುಗಳ ನಡುವಿನ ಸಂದುಗಳನ್ನೂ ಎಣಿಸಲು ಹೇಳಿದರೆ ಸಾಕು: ಬೆರಳು 5, ಸಂದು 4.

ಇನ್ನೊಂದು ಸಾಮಾನ್ಯ ತಪ್ಪಿಗೂ ಇದೇ ಮದ್ದು. ಒಂದೇ ಮಾಧ್ಯ ಕೇಳಿದಾಗ ಕೆಲವರು ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿ 2/5 ಎನ್ನುತ್ತಾರೆ. ಅದು 1/3 ಮತ್ತು 1/2 ರ ನಡುವೆಯೇ ಇರುವುದರಿಂದ ಬರೀ ‘ತಪ್ಪು’ ಎಂದರೆ ಒಪ್ಪುವುದಿಲ್ಲ. ಛೇದ 60 ಮಾಡಿ ತೋರಿಸಿ: 20/60, 24/60, 30/60. ಒಂದು ಕಡೆ 4, ಇನ್ನೊಂದು ಕಡೆ 6 ದೂರ. ಸರಿಯಾದ ನಡು 25/60, ಅಂದರೆ 5/12. ‘ನಡುವೆ ಇರುವುದು’ ಬೇರೆ, ‘ಸರಿ ನಡುವೆ ಇರುವುದು’ ಬೇರೆ ಎಂಬುದು ಸೂತ್ರಕ್ಕಿಂತ ದೊಡ್ಡ ಕಲಿಕೆ.

ಪರೀಕ್ಷೆಯಲ್ಲಿ ಸಂಕ್ಷಿಪ್ತ ರೂಪ ಬೇಕಲ್ಲ ಎಂದು ಸಹಪಾಠಿಗಳು ಕೇಳಬಹುದು. ಬೇಕು, ಕೊನೆಯ ಸಾಲಿನಲ್ಲಿ. ಛೇದ ದೊಡ್ಡದಾದರೆ ಈ ವಿಧಾನ ಉದ್ದವಾಗುತ್ತದೆ ಎಂಬುದೂ ನಿಜ. 3/7 ಮತ್ತು 5/9 ರ ನಡುವೆ 6 ಮಾಧ್ಯ ಸೇರಿಸಲು ಹೊರಟರೆ ಛೇದ 441 ಆಗುತ್ತದೆ. ಸೂತ್ರ ಪರಿಚಯಿಸಲು ಅದೇ ಸರಿಯಾದ ಹೊತ್ತು. ಆಗ ಅದು ಬಾಯಿಪಾಠವಾಗದೆ ಅಗತ್ಯವಾಗಿ ಬರುತ್ತದೆ.

ನಮ್ಮ ಪಾಠಯೋಜನೆಯಲ್ಲಿ ಸೂತ್ರ ಮೊದಲು, ಉದಾಹರಣೆ ಆಮೇಲೆ ಎಂಬ ಕ್ರಮವನ್ನು ಈ ಒಂದು ಪಾಠಕ್ಕಾದರೂ ತಿರುಗಿಸಿ ನೋಡೋಣ. ಕಪ್ಪುಹಲಗೆಯ ಮೇಲೆ 12/30 ಸ್ವಲ್ಪ ಹೊತ್ತು ಹಾಗೆಯೇ ಇರಲಿ.